ಹಳೆಯ ಕಾರು ಕೊಂಡವರು ತಿಳಿದಿರಬೇಕಾದ ‘ರೀಕಾಲ್’ ವಿಷಯ

ನಮ್ಮ ಹಳ್ಳಿಗಳಲ್ಲಿ ಕಾರು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಅಡಿಕೆ, ಕಾಫಿ, ಕಬ್ಬು, ದ್ರಾಕ್ಷಿ ಬೆಳೆಯುವ ಭಾಗಗಳಲ್ಲಿ ಅನೇಕ ಮನೆಗಳ ಮುಂದೆ ಕಾರು ನಿಂತಿರುವುದನ್ನು ಕಾಣುತ್ತೇವೆ. ಇವುಗಳಲ್ಲಿ ಎಲ್ಲವೂ ಹೊಸವಲ್ಲ. ಪಟ್ಟಣದವರು ಹತ್ತು ಹದಿನೈದು ವರ್ಷ ಓಡಿಸಿ ಮಾರಿದವೂ ಸಾಕಷ್ಟಿವೆ. ಇಂಥ ಕಾರು ಕೊಳ್ಳುವಾಗ ನಮ್ಮ ರೈತರು ಟೈರು ನೋಡುತ್ತಾರೆ, ಎಂಜಿನ್ನಿನ ಶಬ್ದ ಕೇಳುತ್ತಾರೆ, ಪರಿಚಯದ ಮೆಕ್ಯಾನಿಕ್ಕನ್ನು ಕರೆದೊಯ್ದು ಹೊಗೆಯ ಬಣ್ಣ ನೋಡಿಸುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು, ಸುಳಿ ನೋಡುವವರು ಇಷ್ಟನ್ನಾದರೂ ನೋಡದೆ ಇರುತ್ತಾರೆಯೇ? ಆದರೆ ಒಂದು ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಈ ಕಾರನ್ನು ತಯಾರಿಸಿದ ಕಂಪನಿ ಯಾವುದಾದರೂ ದೋಷಕ್ಕಾಗಿ ಇದನ್ನು ವಾಪಸು ಕರೆದಿತ್ತೇ? ಕರೆದಿದ್ದರೆ ಆ ಕೆಲಸ ಆಗಿದೆಯೇ?

ಕೃಷಿ ಮೇಳವೊಂದರಲ್ಲಿ ಕರಾವಳಿಯ ತೆಂಗು ಬೆಳೆಗಾರರೊಬ್ಬರು ಕಾಂಡಕೊರಕದ ವಿಷಯ ಮಾತನಾಡಿ ಮುಗಿಸಿದ ಮೇಲೆ ಈ ಲೇಖಕನನ್ನು ಕೇಳಿದರು: “ಸರ್, ನಾನು ಕೊಂಡಿರುವ ಹಳೆಯ ಕಾರಿನ ಮೊದಲಿನ ಮಾಲೀಕರಿಗೆ ಕಂಪನಿಯಿಂದ ಫೋನು ಬಂದಿತ್ತಂತೆ. ಗಾಡಿ ತನ್ನಿ, ಏರ್‌ಬ್ಯಾಗ್ ಬದಲಿಸಬೇಕು ಅಂದರಂತೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಇದು ಬಿಲ್ಲು ಮಾಡುವ ಉಪಾಯ ಅಲ್ಲವೇ?”

ಅವರ ಅನುಮಾನ ಸಹಜವಾದದ್ದೇ. ಸರ್ವಿಸ್ ಸ್ಟೇಷನ್ನಿಗೆ ಹೋದವರು ಬೇಡದ ರಿಪೇರಿಗೂ ಹಣ ತೆತ್ತು ಬಂದ ಕತೆಗಳು ಎಲ್ಲ ಊರಿನಲ್ಲಿಯೂ ಇವೆ. ಆದರೆ ರೀಕಾಲ್ ಎಂಬುದು ಬೇರೆ. ಅದನ್ನು ಉದಾಸೀನ ಮಾಡಿದರೆ ಜೀವಕ್ಕೇ ಅಪಾಯ ಒದಗಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ರೀಕಾಲ್ ಎಂದರೇನು?

ಕಾರು ಮಾರಾಟವಾದ ಮೇಲೆ ಅದರ ಯಾವುದೋ ಒಂದು ಭಾಗದಲ್ಲಿ ತಯಾರಿಕೆಯ ಅಥವಾ ವಿನ್ಯಾಸದ ದೋಷವಿದೆಯೆಂದು ಕಂಪನಿಗೆ ತಿಳಿದುಬಂದರೆ, ಆ ಅವಧಿಯಲ್ಲಿ ತಯಾರಾದ ಅಷ್ಟೂ ಗಾಡಿಗಳನ್ನು ವಾಪಸು ಕರೆದು ಆ ಭಾಗವನ್ನು ಬದಲಿಸಿಕೊಡುವುದಕ್ಕೆ ರೀಕಾಲ್ ಎನ್ನುತ್ತಾರೆ. ಕಾರನ್ನೇ ಕಸಿದುಕೊಳ್ಳುತ್ತಾರೆಂದು ಕೆಲವರು ತಪ್ಪು ತಿಳಿದಿದ್ದಾರೆ. ಹಾಗಿಲ್ಲ. ಕಾರು ನಿಮ್ಮದೇ, ದೋಷದ ಭಾಗ ಮಾತ್ರ ಕಂಪನಿಗೆ ಹೋಗುತ್ತದೆ. ಭಾಗಕ್ಕಾಗಲಿ ಕೂಲಿಗಾಗಲಿ ಹಣ ಕೊಡಬೇಕಾದ್ದಿಲ್ಲ. ಕಾರು ಮೊದಲನೆಯವರ ಕೈಯಲ್ಲಿದೆಯೋ ಮೂರನೆಯವರ ಕೈಯಲ್ಲಿದೆಯೋ ಎಂಬುದು ಮುಖ್ಯವಲ್ಲ. ದೋಷ ಗಾಡಿಯಲ್ಲಿದೆ, ಆದ್ದರಿಂದ ಹಕ್ಕೂ ಗಾಡಿಯ ಜೊತೆಗೇ ಬರುತ್ತದೆ.

ಎಲ್ಲ ರೀಕಾಲುಗಳೂ ಒಂದೇ ತೂಕದವಲ್ಲ. 2020ರಲ್ಲಿ ಮಾರುತಿ ಸುಜುಕಿ ಕಂಪನಿ 40,453 ಈಕೋ ಗಾಡಿಗಳನ್ನು ಕರೆದದ್ದು ಹೆಡ್‌ಲ್ಯಾಂಪಿನ ಮೇಲೆ ಇರಬೇಕಾದ ಒಂದು ಗುರುತು ಬಿಟ್ಟುಹೋಗಿರಬಹುದೆಂಬ ಕಾರಣಕ್ಕೆ. ಅದೇ ಕಂಪನಿ 2023ರ ಜನವರಿಯಲ್ಲಿ 17,362 ಕಾರುಗಳನ್ನು ಏರ್‌ಬ್ಯಾಗಿನ ನಿಯಂತ್ರಕದ ದೋಷಕ್ಕಾಗಿ ಕರೆದಾಗ, ಅದು ಬದಲಾಗುವವರೆಗೆ ಗಾಡಿ ಓಡಿಸಬೇಡಿರೆಂದೇ ತಿಳಿಸಿತ್ತು. ಯಾವ ದೋಷ, ಎಷ್ಟು ಅವಸರ ಎಂಬುದನ್ನು ಕೇಳಿ ತಿಳಿಯಬೇಕು.

ಇವೆಲ್ಲಕ್ಕಿಂತ ದೊಡ್ಡದೂ ಭೀಕರವೂ ಆದದ್ದು ಟಕಾಟ ಏರ್‌ಬ್ಯಾಗುಗಳ ರೀಕಾಲ್. ರೈತರಿಗೆ ಇದರ ಕಾರಣ ಇತರರಿಗಿಂತ ಬೇಗ ಅರ್ಥವಾಗುತ್ತದೆ. ಏಕೆಂದರೆ ಇದರ ಮೂಲದಲ್ಲಿ ಇರುವುದು ರಸಗೊಬ್ಬರದ ಗುಣವೇ.

ಅಮೋನಿಯಂ ನೈಟ್ರೇಟ್ ಮತ್ತು ತೇವ

ಏರ್‌ಬ್ಯಾಗ್ ಎಂದರೆ ಸ್ಟಿಯರಿಂಗ್ ಚಕ್ರದ ಮಧ್ಯದಲ್ಲಿಯೂ ಎದುರಿನ ಡ್ಯಾಶ್‌ಬೋರ್ಡಿನಲ್ಲಿಯೂ ಮಡಿಸಿ ಇಟ್ಟಿರುವ ನೈಲಾನ್ ಚೀಲ. ಅದರ ಹಿಂದೆ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಬಿಲ್ಲೆಗಳಂತೆ ಒತ್ತಿ ಮಾಡಿದ ಮದ್ದು. ಕಾರು ಡಿಕ್ಕಿ ಹೊಡೆದ ಕೂಡಲೇ ವಿದ್ಯುತ್ ಕಿಡಿಯಿಂದ ಈ ಮದ್ದು ಹೊತ್ತಿ ಅನಿಲವಾಗಿ ಚೀಲವನ್ನು ಉಬ್ಬಿಸುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಇದೆಲ್ಲ ನಡೆದು, ತಲೆ ಮತ್ತು ಎದೆ ಗಟ್ಟಿ ಭಾಗಕ್ಕೆ ಬಡಿಯುವುದು ತಪ್ಪುತ್ತದೆ. ಹೊತ್ತಬೇಕು, ಆದರೆ ಸಿಡಿಯಬಾರದು. ಈ ಲೆಕ್ಕ ತಪ್ಪಿದರೆ ರಕ್ಷಣೆಯ ಸಾಧನವೇ ನಾಡಬಾಂಬಿನಂತಾಗುತ್ತದೆ.

ಜಪಾನಿನ ಟಕಾಟ ಕಂಪನಿ ಪ್ರಪಂಚದ ಅನೇಕ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಒದಗಿಸುತ್ತಿತ್ತು. ಸುಮಾರು 2000ನೇ ಇಸವಿಯ ಹೊತ್ತಿಗೆ ಅದು ಮೊದಲು ಬಳಸುತ್ತಿದ್ದ ದುಬಾರಿ ರಾಸಾಯನಿಕವನ್ನು ಬಿಟ್ಟು ಅಗ್ಗವಾದ ಅಮೋನಿಯಂ ನೈಟ್ರೇಟಿಗೆ ಬಂತು. ಈ ಹೆಸರು ನಮ್ಮ ರೈತರಿಗೆ ಹೊಸದಲ್ಲ. ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಗೊಬ್ಬರದಲ್ಲಿ ಸುಣ್ಣದ ಕಲ್ಲಿನ ಪುಡಿಯೊಡನೆ ಇರುವುದು ಇದೇ ಲವಣ. ಕಲ್ಲು ಗಣಿಗಳಲ್ಲಿ ಬಂಡೆ ಒಡೆಯಲು ಡೀಸೆಲ್ ಸೇರಿಸಿ ಬಳಸುವುದೂ ಇದನ್ನೇ.

ಅಮೋನಿಯಂ ನೈಟ್ರೇಟಿಗೆ ಎರಡು ದುರ್ಗುಣಗಳಿವೆ. ಒಂದು, ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಬಾಯಿ ಬಿಚ್ಚಿದ ಗೊಬ್ಬರದ ಚೀಲವನ್ನು ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿಟ್ಟು ಮರೆತವರಿಗೆ ಅದರ ಗತಿ ಏನಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ಎರಡು, ಶುದ್ಧ ಲವಣದ ಹರಳುಗಳು ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನ ಆಚೆ ಈಚೆ ತಮ್ಮ ರೂಪವನ್ನೇ ಬದಲಿಸಿ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ಗೊಬ್ಬರ ದಾಸ್ತಾನಿನಲ್ಲಿ ಹೆಂಟೆ ಕಟ್ಟುವುದಕ್ಕೆ, ಪುಡಿಯಾಗುವುದಕ್ಕೆ ಇದೂ ಒಂದು ಕಾರಣ. ಟಕಾಟದವರು ಈ ಎರಡನೆಯ ದೋಷವನ್ನು ತಡೆಯಲು ಬೇರೆ ಲವಣ ಸೇರಿಸಿದ್ದರು. ಆದರೆ ಬಹುಪಾಲು ಡಬ್ಬಿಗಳಲ್ಲಿ ತೇವ ಹೀರಿಕೊಳ್ಳುವ ವಸ್ತುವನ್ನು ಇಡಲಿಲ್ಲ. ಮಾತ್ರೆಯ ಡಬ್ಬಿಯಲ್ಲಿ ಸಣ್ಣ ಪೊಟ್ಟಣವೊಂದು ಇರುತ್ತದಲ್ಲ, ಅಂಥದು. ಬೀಜ ಕಾದಿಡುವ ಪಾತ್ರೆಗೆ ಬೂದಿ ಹಾಕುವುದನ್ನು ಅರಿತ ನಮ್ಮ ಅಜ್ಜಿಯರು ಈ ತಪ್ಪು ಮಾಡುತ್ತಿರಲಿಲ್ಲ ಎನಿಸುತ್ತದೆ.

ಪರಿಣಾಮ ತಿಳಿಯಲು ವರ್ಷಗಳು ಹಿಡಿದವು. ಸೆಕೆ ಮತ್ತು ತೇವ ಎರಡೂ ಇರುವ ಪ್ರದೇಶದಲ್ಲಿ ಕಾರು ಹಗಲು ಬಿಸಿಲಿಗೆ ಕಾದು ರಾತ್ರಿ ತಣಿಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಬಿಲ್ಲೆಗಳು ಒಳಗೊಳಗೇ ಸಡಿಲಗೊಂಡು ತೂತು ತೂತಾದವು. ದಿಮ್ಮಿಯಂತೆ ನಿಧಾನ ಉರಿಯಬೇಕಾದ್ದು ಗರಗಸದ ಹೊಟ್ಟಿನಂತೆ ಭಗ್ಗನೆ ಹೊತ್ತುವಂತಾಯಿತು. ಆಗ ಒತ್ತಡ ಮಿತಿಮೀರಿ ಡಬ್ಬಿಯೇ ಒಡೆದು, ಲೋಹದ ಚೂರುಗಳು ಚೀಲವನ್ನು ಹರಿದುಕೊಂಡು ಕುಳಿತವರ ಕುತ್ತಿಗೆಗೆ, ಮುಖಕ್ಕೆ, ಎದೆಗೆ ತಗಲುತ್ತವೆ. ಡಿಕ್ಕಿ ದೊಡ್ಡದಾಗಿರಬೇಕೆಂದೇನೂ ಇಲ್ಲ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಷ್ಟು ಇದ್ದರೆ ಸಾಕು.

ಹೋಂಡಾ ಕಂಪನಿ ಈ ಕಾರಣಕ್ಕೆ ಅಮೆರಿಕದಲ್ಲಿ ಮೊದಲ ರೀಕಾಲ್ ಮಾಡಿದ್ದು 2008ರ ನವೆಂಬರಿನಲ್ಲಿ, ಸುಮಾರು 4,000 ಕಾರುಗಳಿಗೆ. ಆಗ ಇದನ್ನು ಕಾರ್ಖಾನೆಯ ಒಂದು ತಂಡದ ತಪ್ಪೆಂದು ತಿಳಿದಿದ್ದರು. ತಪ್ಪು ಮದ್ದಿನಲ್ಲಿಯೇ ಇದೆಯೆಂಬುದು ಹಂತ ಹಂತವಾಗಿ ಹೊರಬಂದಂತೆ ಪಟ್ಟಿ ಬೆಳೆಯುತ್ತ ಹೋಗಿ, ಪ್ರಪಂಚದಾದ್ಯಂತ ಸುಮಾರು 10 ಕೋಟಿ ಡಬ್ಬಿಗಳಿಗೆ ಮುಟ್ಟಿತು. ಅಮೆರಿಕ ಒಂದರಲ್ಲಿಯೇ 2024ರ ವೇಳೆಗೆ ಕನಿಷ್ಠ 28 ಜನ ಸತ್ತು, 400 ಅಥವಾ ಅದಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಟಕಾಟ ಕಂಪನಿ ಪರೀಕ್ಷೆಯ ಫಲಿತಾಂಶಗಳನ್ನು ಮರೆಮಾಚಿದ್ದನ್ನು 2017ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ದಿವಾಳಿಯೆದ್ದಿತು.

ನಮಗೇನು ಸಂಬಂಧ?

ಸಂಬಂಧ ಹವೆಯಲ್ಲಿದೆ. ಅಮೆರಿಕದಲ್ಲಿ ಡಬ್ಬಿಗಳನ್ನು ಬದಲಿಸುವಾಗ ಫ್ಲಾರಿಡಾ, ಹವಾಯಿಯಂಥ ಸೆಕೆಯ, ಕಡಲಂಚಿನ ಪ್ರದೇಶಗಳಿಗೆ ಮೊದಲ ಸ್ಥಾನ ಕೊಟ್ಟರು. ಅಮೆರಿಕದ ಹೊರಗೆ ಮೊದಲ ಸಾವು ಸಂಭವಿಸಿದ್ದು 2014ರ ಜುಲೈಯಲ್ಲಿ, ಮಲೇಷ್ಯಾಕ್ಕೆ ಸೇರಿದ ಬೋರ್ನಿಯೋದಲ್ಲಿ. ಸತ್ತವರು ತುಂಬು ಗರ್ಭಿಣಿ. ಅವರ ಕಾರು 2003ರ ಹೋಂಡಾ ಸಿಟಿ. ರಬ್ಬರು, ತಾಳೆ ಬೆಳೆಯುವ ಆ ನಾಡಿನ ಹವೆ ಎಂಥದೆಂದು ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿಯೂ ಈ ಡಬ್ಬಿಗಳಿರುವ ಕಾರುಗಳು ಮಾರಾಟವಾಗಿದ್ದವು. ಹೋಂಡಾ ಕಂಪನಿ 2017ರ ಜನವರಿಯಲ್ಲಿ 2012ರಲ್ಲಿ ತಯಾರಾದ 41,580 ಕಾರುಗಳನ್ನು ಕರೆಯಿತು. ಅವುಗಳಲ್ಲಿ 32,456 ಸಿಟಿ ಕಾರುಗಳು. ಉಳಿದವು ಜಾಜ್, ಸಿವಿಕ್, ಅಕಾರ್ಡ್. 2018ರ ಜನವರಿಯಲ್ಲಿ 2013ರಲ್ಲಿ ತಯಾರಾದ 22,834 ಕಾರುಗಳ ಸರದಿ ಬಂತು. ಅವುಗಳಲ್ಲಿಯೂ 22,084 ಸಿಟಿ ಕಾರುಗಳೇ. ಇದಕ್ಕೆ ಮೊದಲೂ ಇನ್ನೂ ಹಳೆಯ ಕಾರುಗಳಿಗೆ ಕರೆ ಬಂದಿತ್ತು. ಬದಲಾವಣೆ ಎಲ್ಲವೂ ಉಚಿತವೆಂದು ಕಂಪನಿಯೇ ಪ್ರಕಟಿಸಿತ್ತು. ಇದು ಹೋಂಡಾ ಒಂದರ ದೋಷವಲ್ಲ. ಟಕಾಟದ ಏರ್‌ಬ್ಯಾಗ್ ಹಾಕಿದ್ದ ಇತರ ಅನೇಕ ಕಂಪನಿಗಳೂ ಕಾರುಗಳನ್ನು ಕರೆದಿವೆ.

ಈ ಇಸವಿಗಳನ್ನು ಗಮನಿಸಬೇಕು. 2013ಕ್ಕಿಂತ ಮೊದಲಿನ ಕಾರುಗಳು ಈಗ ಎರಡನೆಯ, ಮೂರನೆಯ ಕೈಗೆ ಬಂದಿರುವಂಥವು. ಆಗ ದೊಡ್ಡ ಬೆಲೆಯ ಕಾರೆನಿಸಿದ್ದು ಈಗ ಕಡಿಮೆ ಬೆಲೆಗೆ ಸಿಗುತ್ತದೆ. ದೋಷದ ಮದ್ದಾದರೋ ವಯಸ್ಸಾದಷ್ಟೂ ಕೆಡುವಂಥದು. 2001ರಿಂದ 2003ರವರೆಗಿನ ಕೆಲವು ಹೋಂಡಾ ಮತ್ತು ಅಕ್ಯುರಾ ಕಾರುಗಳ ಡಬ್ಬಿಗಳಲ್ಲಿ ನೂರಕ್ಕೆ 50ರವರೆಗೂ ಸಿಡಿಯುವ ಸಂಭವವಿದೆಯೆಂದು 2016ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಗಳಿಂದ ಕಂಡುಬಂತು. ಅಂಥ ಕಾರುಗಳನ್ನು ಓಡಿಸಲೇಬೇಡಿರೆಂದು ಅಲ್ಲಿನ ಸರ್ಕಾರ ಎಚ್ಚರಿಸಿತು.

ಕಾಗದ ಯಾರ ಮನೆಗೆ ಹೋಗುತ್ತದೆ?

2016ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು 2002ರ ಸಿವಿಕ್ ಕಾರು ಓಡಿಸುತ್ತ ಮುಂದಿನ ಗಾಡಿಗೆ ತಾಗಿಸಿದಳು. ಎಲ್ಲರೂ ಇಳಿದು ನಡೆದು ಹೋಗಬಹುದಾಗಿದ್ದ ಅಪಘಾತ. ಡಬ್ಬಿಯ ಚೂರು ಕುತ್ತಿಗೆಗೆ ತಗುಲಿ ಅವಳು ಸತ್ತಳು. ಆ ಕಾರಿಗೆ 2011ರಲ್ಲಿಯೇ ರೀಕಾಲ್ ಆಗಿತ್ತು. ನೋಂದಣಿಯಾದ ಮಾಲೀಕರಿಗೆ ಹಲವು ಸಲ ಕಾಗದ ಕಳಿಸಿದ್ದೇವೆಂದು ಕಂಪನಿ ಹೇಳಿತು. ತಮಗೆ ಒಂದೂ ಬಂದಿಲ್ಲವೆಂದು ಮನೆಯವರು ಹೇಳಿದರು. ಕಾರು ಸೆಕೆಂಡ್ ಹ್ಯಾಂಡ್ ಕೊಂಡದ್ದಾಗಿತ್ತು.

ನಮ್ಮಲ್ಲಿ ಈ ತೊಡಕು ಇನ್ನೂ ಹೆಚ್ಚು. ಕಾರು ಕೈ ಬದಲಾದಾಗ ಮಾರಿದವರು 14 ದಿನಗಳೊಳಗೆ (ಅದೇ ರಾಜ್ಯವಾದರೆ), ಕೊಂಡವರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದೆಂದು ಕಾಯ್ದೆ ಹೇಳುತ್ತದೆ. ಆದರೆ 29 ಮತ್ತು 30ನೇ ನಮೂನೆಗಳಿಗೆ ಮಾರಿದವರ ಸಹಿ ಹಾಕಿಸಿಕೊಂಡು, ಅವನ್ನು ಬೀರುವಿನಲ್ಲಿಟ್ಟು, ವರ್ಷಗಟ್ಟಲೆ ಹಳೆಯ ಹೆಸರಿನಲ್ಲಿಯೇ ಓಡಿಸುವವರು ಉಂಟು. ಖಾತೆ ಬದಲಾಗದ ಜಮೀನಿನಂತೆ ಇದು. ಕಂಪನಿಯ ಕಾಗದ ಬೆಂಗಳೂರಿನ ಯಾವುದೋ ಬಡಾವಣೆಯ ಹಳೆಯ ವಿಳಾಸಕ್ಕೆ ಹೋಗುತ್ತದೆ. ಫೋನು ಹೋದರೂ “ಗಾಡಿ ಮಾರಿಬಿಟ್ಟಿದ್ದೇನೆ” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಹಳ್ಳಿಯ ಗ್ಯಾರೇಜಿನಲ್ಲಿಯೇ ಸರ್ವಿಸ್ ಮಾಡಿಸುವವರ ಹೆಸರಾಗಲಿ ನಂಬರಾಗಲಿ ಕಂಪನಿಯ ಪುಸ್ತಕಕ್ಕೆ ಸೇರುವುದೇ ಇಲ್ಲ.

ಆದ್ದರಿಂದ ಕಾಗದ ಬರಲಿಲ್ಲವೆಂದರೆ ದೋಷವಿಲ್ಲವೆಂದು ಅರ್ಥವಲ್ಲ. ಎರಡನೆಯ ಕೈಯವರು ತಾವೇ ಹೋಗಿ ವಿಚಾರಿಸಬೇಕು.

ವಿಚಾರಿಸುವ ಬಗೆ

ಬೇಕಾದದ್ದು ಒಂದೇ ವಸ್ತು, ಷಾಸಿ ನಂಬರ್. ಆರ್.ಸಿ.ಯಲ್ಲಿ ಅದು ಇರುತ್ತದೆ. ಗಾಡಿಯ ಮೇಲೂ ಕೊರೆದಿರುತ್ತಾರೆ. ಅಂಕಿ ಅಕ್ಷರ ಸೇರಿ ಒಟ್ಟು 17 ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಅನುಮಾನ ಬಂದರೆ ಅದನ್ನು ಒಂದು ಅಥವಾ ಸೊನ್ನೆ ಎಂದೇ ಓದಿಕೊಳ್ಳಬೇಕು. ಆರ್.ಸಿ.ಯಲ್ಲಿರುವುದಕ್ಕೂ ಗಾಡಿಯ ಮೇಲಿರುವುದಕ್ಕೂ ತಾಳೆ ನೋಡುವುದು ಒಳ್ಳೆಯದು. ತಾಳೆಯಾಗದಿದ್ದರೆ ಅದು ರೀಕಾಲಿಗಿಂತ ಬೇರೆಯ, ದೊಡ್ಡ ತಲೆನೋವು.

ಈ ನಂಬರನ್ನು ಆ ಕಂಪನಿಯ ಅಧಿಕೃತ ಡೀಲರಿಗೆ ತೋರಿಸಿ “ಈ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯೇ?” ಎಂದು ಕೇಳಬೇಕು. ಅನೇಕ ಕಂಪನಿಗಳು ತಮ್ಮ ಜಾಲತಾಣದಲ್ಲಿಯೇ ನಂಬರು ಹಾಕಿ ನೋಡುವ ಅನುಕೂಲ ಕಲ್ಪಿಸಿವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ಜೊತೆಗೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರನ್ನು ಆ ಗಾಡಿಯ ಹೆಸರಿನಲ್ಲಿ ಬರೆಸಿ ಬರಬೇಕು. ಮುಂದೆ ಯಾವ ಕರೆ ಬಂದರೂ ಆಗ ನಿಮಗೇ ಬರುತ್ತದೆ.

ಹಿಂದಿನ ಮಾಲೀಕರು ಒಂದು ಸಲ ಬದಲಿಸಿದ್ದಾರೆಂದು ಹೇಳಿದರೂ ವಿಚಾರಿಸದೆ ಬಿಡಬಾರದು. ಚಾಲಕನ ಕಡೆಯದೂ ಪಕ್ಕದವರ ಕಡೆಯದೂ ಬೇರೆ ಬೇರೆ ಡಬ್ಬಿಗಳು, ಬೇರೆ ಬೇರೆ ಕಾಲಕ್ಕೆ ಕರೆ ಬಂದಿರಬಹುದು. ಅಮೆರಿಕದಲ್ಲಿ ಅವಸರಕ್ಕೆ ಅದೇ ಬಗೆಯ ಹೊಸ ಡಬ್ಬಿಯನ್ನು ಹಾಕಿ, ಆಮೇಲೆ ಎರಡನೆಯ ಸಲ ಕರೆದದ್ದೂ ಉಂಟು.

ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಲ್ಲವೆಂದು ಸಮಾಧಾನಪಡುವಂತಿಲ್ಲ. ಆ ದೀಪ ವಿದ್ಯುತ್ ಜೋಡಣೆಯ ದೋಷವನ್ನು ಹೇಳುತ್ತದೆಯೇ ಹೊರತು ಮದ್ದು ಕೆಟ್ಟದ್ದನ್ನು ಹೇಳುವುದಿಲ್ಲ.

ಮಾಡಬಾರದ ಕೆಲಸಗಳು

ರೀಕಾಲ್ ಇದೆಯೆಂದು ಗೊತ್ತಾದ ಮೇಲೆ ಕೆಲವರು ಊರಿನ ಎಲೆಕ್ಟ್ರಿಷಿಯನ್ನಿನಿಂದ ಏರ್‌ಬ್ಯಾಗಿನ ತಂತಿ ಬಿಚ್ಚಿಸಲು ಹೋಗುತ್ತಾರೆ. ಇದು ತೀರಾ ಅಪಾಯಕರ. ಬ್ಯಾಟರಿಯ ತಂತಿ ತೆಗೆದ ಮೇಲೂ ಸ್ವಲ್ಪ ಕಾಲ ಕಿಡಿ ಹಾರಿಸುವಷ್ಟು ವಿದ್ಯುತ್ ಉಳಿದಿರುತ್ತದೆ. ತರಬೇತಿ ಪಡೆದವರು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು. ಗುಜರಿಯಿಂದ ಹಳೆಯ ಸ್ಟಿಯರಿಂಗನ್ನು ಏರ್‌ಬ್ಯಾಗ್ ಸಮೇತ ತಂದು ಕೂರಿಸುವುದೂ ಬೇಡ. ಆ ಡಬ್ಬಿ ಯಾವ ಗಾಡಿಯದು, ಎಷ್ಟು ವರ್ಷದ್ದು ಎಂದು ತಿಳಿಯುವ ಬಗೆಯಿಲ್ಲ, ನಿಮ್ಮ ಷಾಸಿ ನಂಬರಿನಿಂದ ಅದು ಪತ್ತೆಯೂ ಆಗುವುದಿಲ್ಲ.

ಕಾಯುವ ದಿನಗಳಲ್ಲಿ ದೋಷವಿರುವ ಕಡೆ ಯಾರನ್ನೂ ಕೂರಿಸಬಾರದು. ಪಕ್ಕದ ಡಬ್ಬಿಯಾದರೆ ಹೆಂಗಸರು ಮಕ್ಕಳು ಹಿಂದೆ ಕೂರಲಿ. ಚಾಲಕನ ಡಬ್ಬಿಯಾದರೆ, ಓಡಿಸಬಹುದೇ ಎಂದು ಡೀಲರನ್ನು ಸ್ಪಷ್ಟವಾಗಿ ಕೇಳಿ, ಅವರು ಬೇಡವೆಂದರೆ ಗಾಡಿಯನ್ನು ನಿಲ್ಲಿಸಿಬಿಡಬೇಕು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಸರ್ಕಾರವೇ ಸುಮಾರು 30 ಲಕ್ಷ ಗಾಡಿಗಳಿಗೆ ಕಡ್ಡಾಯ ರೀಕಾಲ್ ಹೊರಡಿಸಿದಾಗ, ಅತಿ ಅಪಾಯದ ಕಾರುಗಳನ್ನು ಓಡಿಸದೆ ನಿಲ್ಲಿಸಬೇಕೆಂದೇ ಹೇಳಿತ್ತು.

ಇಷ್ಟು ಓದಿ ಏರ್‌ಬ್ಯಾಗೇ ಬೇಡವೆಂದು ತೀರ್ಮಾನಿಸಬಾರದು. ಸರಿಯಾದ ಏರ್‌ಬ್ಯಾಗ್, ಸೀಟ್ ಬೆಲ್ಟಿನೊಡನೆ, ಅಸಂಖ್ಯ ಜೀವಗಳನ್ನು ಉಳಿಸಿದೆ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 2012ರಿಂದ ವಾಹನ ತಯಾರಕರ ಸಂಘದ ಒಂದು ಸ್ವಯಂಪ್ರೇರಿತ ನಿಯಮಾವಳಿ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110-ಎ ಎಂಬ ಕಲಮು ಸೇರಿತು. ಇದರಂತೆ ದೋಷವುಳ್ಳ ವಾಹನಗಳನ್ನು ವಾಪಸು ಕರೆಯಲು ಕೇಂದ್ರ ಸರ್ಕಾರವೇ ಕಂಪನಿಗೆ ಆಜ್ಞೆ ಮಾಡಬಹುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಹೀಗೆ ಆಜ್ಞೆಯಾದಾಗ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ತಯಾರಾಗಿ ಏಳು ವರ್ಷ ತುಂಬದ ವಾಹನಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಹಳ್ಳಿಯವರು ಕೊಳ್ಳುವ ಹಳೆಯ ಕಾರುಗಳಿಗೆ ಈ ಆಸರೆ ಸಿಗುವುದಿಲ್ಲ ಎಂಬುದು ಈ ನಿಯಮದ ದೊಡ್ಡ ಕೊರತೆಯೆಂದೇ ಈ ಲೇಖಕನ ಅಭಿಪ್ರಾಯ. ಕಂಪನಿ ತಾನಾಗಿ ಕರೆದ ರೀಕಾಲುಗಳೇ ಅವರಿಗೆ ದಾರಿ. ಗಾಡಿಯಲ್ಲಿ ದೋಷ ಕಂಡವರು ರಸ್ತೆ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ದೂರುಗಳ ಸಂಖ್ಯೆ ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ಸರ್ಕಾರ ತನಿಖೆ ಮಾಡುತ್ತದೆ. ಆದ್ದರಿಂದ ನಮ್ಮೊಬ್ಬರ ದೂರಿನಿಂದ ಏನಾದೀತೆಂದು ಸುಮ್ಮನಿರಬಾರದು.

ತೆಂಗು ಬೆಳೆಗಾರರು ಆಮೇಲೆ ಆರ್.ಸಿ. ತೆಗೆದುಕೊಂಡು ಡೀಲರಲ್ಲಿಗೆ ಹೋದರು. ಅವರ ಕಾರು ಪಟ್ಟಿಯಲ್ಲಿತ್ತು. ಭಾಗ ಬರಲು ಕೆಲವು ದಿನ ಕಾಯಬೇಕಾಯಿತು. ಬದಲಿಸುವ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಬಿಲ್ಲಿನಲ್ಲಿ ಸೊನ್ನೆ ರೂಪಾಯಿ ಎಂದು ಬರೆದಿದ್ದುದನ್ನು ಅವರು ಫೋನಿನಲ್ಲಿ ಎರಡು ಸಲ ಹೇಳಿದರು. ಆ ಕಾಗದವನ್ನು ಎಸೆಯದೆ ಆರ್.ಸಿ.ಯೊಡನೆ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಸಲಾಯಿತು. ಮುಂದೆ ಕಾರು ಮಾರುವಾಗ ಕೊಳ್ಳುವವರಿಗೆ ಕೊಡಬೇಕಾದ ಕಾಗದಗಳಲ್ಲಿ ಇದೂ ಒಂದು.